ಹಳೇ ಡ್ರಾಫ್ಟ್ ಗೈಡ್, ಈಗ ಓದಿದರೆ ಮಜಾ ಜಾಸ್ತಿ

ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್, ಡ್ರಾಫ್ಟ್ ಅಂದರೆ ಅದರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳೋದು. 2017ರ ಡ್ರಾಫ್ಟ್‌ಗೆ ಮೊದಲು ಬಂದಿದ್ದ, ಆ ಆಟಗಾರರನ್ನು ಅಳೆದು ತೂಗುವ ಒಂದು ಗೈಡ್‌ನ ಪಿಡಿಎಫ್ ಸಿಕ್ಕಿತು. ಮೊಬೈಲಲ್ಲಿ ಓದಿದರೆ ಕಣ್ಣು ನೋಯುತ್ತದೆ ಅಂತ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದೆ. ದಾವಣಗೆರೆಯವರಿಗೆ ಗೊತ್ತಲ್ಲ, ಬೆಣ್ಣೆ ದೋಸೆ ಬರೋ ತನಕ ಸುಮ್ನೆ ಕೂರೋಕಾಗಲ್ಲ. ತೆಗೆದು ಓದುತ್ತಾ ಕೂತೆ, ದೋಸೆ ಬಂದು ಆರಿಯೇ ಹೋಯಿತು. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಪ್ಯಾಟ್ರಿಕ್ ಮಹೋಮ್ಸ್ ಪುಟದ ಮೇಲೆ ಬೆಣ್ಣೆ ಕಲೆ ಇನ್ನೂ ಇದೆ.

ಆ ಒಂದು ಪುಟಕ್ಕೇ ದುಡ್ಡು ವಸೂಲಿ. ತೋಳಿನ ಬಲವನ್ನು ಹೊಗಳಿ, ಕಾಲು ಒಂದು ಕಡೆ ನಿಲ್ಲಲ್ಲ, ಅವನ ಕಾಲೇಜು ಟೆಕ್ಸಸ್ ಟೆಕ್‌ನ ಆಟವೇ ಬೇರೆ, ತಯಾರಾಗೋಕೆ ಟೈಮ್ ಬೇಕು ಅಂತೆಲ್ಲ ಬರೆದು, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಟ್ರುಬಿಸ್ಕಿಯನ್ನು ಅವನಿಗಿಂತ ಮೇಲೆ ಕೂರಿಸಿದ್ದಾರೆ! ಚಿಕಾಗೊ ತಂಡ ಟ್ರುಬಿಸ್ಕಿಯನ್ನೇ 2ನೇ ಆಯ್ಕೆಯಲ್ಲಿ ತೆಗೆದುಕೊಂಡಿತು. ಮಹೋಮ್ಸ್ 10ನೆಯವನಾಗಿ ಕಾನ್ಸಾಸ್ ಸಿಟಿಗೆ ಹೋದ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಮೂರು ಸಲ ಗೆದ್ದ. ಆದರೂ ಬರೆದವರನ್ನು ಪೂರ್ತಿ ಬೈಯೋ ಹಾಗಿಲ್ಲ. ಟೈಮ್ ಬೇಕು ಅಂದಿದ್ದು ಸರಿಯೇ, ಮೊದಲ ವರ್ಷ ಅವನು ತಂಡದ ಹಿರಿಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ಕೂತು ಕಲಿತ, ಶುರುವಿನಿಂದ ಆಡಿದ್ದು ಒಂದೇ ಪಂದ್ಯ.

ನನಗೆ ಬೇಜಾರಾಗಿದ್ದು, ಡ್ರಾಫ್ಟ್‌ಗೆ ಮೊದಲು ಆಟಗಾರರ ವೇಗ ಅಳೆಯೋ 40 ಗಜದ ಓಟದ ಮೇಲೆ ಗೈಡ್‌ಗಿರೋ ಹುಚ್ಚು. 2000ದಲ್ಲಿ ಟಾಮ್ ಬ್ರೇಡಿ ಅದನ್ನು 5.28 ಸೆಕೆಂಡಿನಲ್ಲಿ ಓಡಿದ್ದ, ಅಷ್ಟು ನಿಧಾನ, ಆಯ್ಕೆಯಾಗಿದ್ದು 199ನೇ ಜಾಗದಲ್ಲಿ, ಆದರೂ ಆಮೇಲೆ ದೊಡ್ಡ ಕ್ವಾರ್ಟರ್‌ಬ್ಯಾಕ್ ಆದ. ನಮ್ಮ ಕಡೆ ಜಾತ್ರೆ ಕುಸ್ತಿಗೆ ಬರೋ ಹಿರಿಯರು ಪೈಲ್ವಾನನನ್ನು ಓಡಿಸಿ ನೋಡುತ್ತಾರಾ? ಮೊದಲ ಹಿಡಿತ ನೋಡುತ್ತಾರೆ, ಅಷ್ಟೇ.

ಮುಂದಿನ ಸಾಲಿನಲ್ಲಿ ಡಿಕ್ಕಿ ಹೊಡೆಯೋ ಲೈನ್‌ಮನ್‌ಗಳ ಭಾಗ ಒಣ ಒಣ, ಹಾರಿಸಿಬಿಡಿ. ಅಕ್ಷರ ತುಂಬಾ ಚಿಕ್ಕದು. ಪ್ರಿಂಟ್ ತೆಗೆಸೋದಾದರೆ ದೊಡ್ಡದು ಮಾಡಿಸಿ, ನನ್ನ ಹಾಗೆ ಕಂಜೂಸ್ ಮಾಡಬೇಡಿ.