ಹಳೆಯ ಪೆಟ್ರೋಲ್ ಬಂಕಿನ ಪಕ್ಕ ಸೈಟು ಕೊಳ್ಳುವವರ ಗಮನಕ್ಕೆ

ಚಿತ್ರದುರ್ಗದ ಹೊರವಲಯದಲ್ಲಿ, ಹೆದ್ದಾರಿ ಬೈಪಾಸಿಗೆ ಸರಿದ ಮೇಲೆ ವ್ಯಾಪಾರ ಬಿದ್ದುಹೋಗಿ ಮುಚ್ಚಿದ್ದ ಪೆಟ್ರೋಲ್ ಬಂಕೊಂದರ ಪಕ್ಕದಲ್ಲಿ ನಾವು ಸೈಟು ಕೊಂಡೆವು. ಖಾತೆ, ಋಣಭಾರ ಪತ್ರ, ಚೆಕ್ಕುಬಂದಿ ಎಲ್ಲವನ್ನೂ ವಕೀಲರಿಗೆ ತೋರಿಸಿದ್ದೆವು. ಬಂಕಿನ ನೆಲದಡಿಯಲ್ಲಿ ಟ್ಯಾಂಕು ಇನ್ನೂ ಹೂತೇ ಇದೆಯೆಂಬುದು ಆ ಯಾವ ಕಾಗದದಲ್ಲೂ ಇರಲಿಲ್ಲ, ನಾವೂ ಕೇಳಲಿಲ್ಲ.

ಟ್ಯಾಂಕರ್ ನೀರಿನಲ್ಲೇ ಮನೆ ಕಟ್ಟಿಸಿ, 2022ರ ಬೇಸಿಗೆಯಲ್ಲಿ ಬೋರ್‌ವೆಲ್ ಕೊರೆಸಿದಾಗ ನೀರಿನ ಜೊತೆಗೇ ಪೆಟ್ರೋಲಿನ ವಾಸನೆ ಬಂದಿತು. “ಹೊಸ ಬೋರು ಸಾರ್, ಗಾಡಿ ಎಣ್ಣೆ ವಾಸನೆ ಇರ್ತದೆ, ಎರಡು ದಿನ ನೀರು ಹೊರಗೆ ಬಿಡ್ರಿ, ಹೋಗ್ತದೆ” ಎಂದರು ಕೊರೆದವರು. ಅದನ್ನು ನಂಬಿ ಮೂರು ದಿನ ಹಗಲು ರಾತ್ರಿ ಮೋಟಾರ್ ಓಡಿಸಿದೆವು. ನಾವು ಮಾಡಿದ ದೊಡ್ಡ ತಪ್ಪು ಅದೇ. ಪೆಟ್ರೋಲ್ ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮೇಲೆ ತೇಲುತ್ತದೆ, ಅದರಲ್ಲಿನ ಬೆಂಜೀನ್‌ನಂಥ ಅಂಶಗಳು ನೀರಿನಲ್ಲಿ ಕರಗುತ್ತವೆ. ಒಂದೇ ಸಮನೆ ನೀರೆತ್ತಿದರೆ ಸುತ್ತಲಿನ ಮಲಿನ ನೀರೆಲ್ಲ ಬೋರ್‌ವೆಲ್ಲಿನತ್ತ ಹರಿದು ಬರುತ್ತದೆ. ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳ ಜಾಡು ಹಿಡಿದು ಸಾಗುವುದರಿಂದ, ಅದು ಯಾರ ಬೋರ್‌ವೆಲ್ ತಲುಪುತ್ತದೆಂದು ಮೇಲೆ ನಿಂತು ಹೇಳಲಾಗದು.

ವಾಸನೆ ತಗ್ಗಿತು. ಮಾಡಿಸಿದ ನೀರಿನ ಪರೀಕ್ಷೆಯಲ್ಲಿ “ಕುಡಿಯಲು ಯೋಗ್ಯ” ಎಂದೇ ಬಂದಿತು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಮಾಡಿಸುವಂತೆ ನಾವೂ ಫ್ಲೋರೈಡ್ ಮತ್ತು ಗಡಸುತನವನ್ನಷ್ಟೇ ನೋಡಿಸಿದ್ದೆವು. ಮೂರು ತಿಂಗಳು ಆ ನೀರು ಕುಡಿದೆವು, ಮಗಳಿಗೂ ಕುಡಿಸಿದೆವು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಹರಿದ ಆ ಸೆಪ್ಟೆಂಬರಿನಲ್ಲಿ ಅಂತರ್ಜಲ ಮೇಲೇರಿ, ಮಣ್ಣಿನ ಪದರಗಳಲ್ಲಿ ಹಿಡಿದುಕೊಂಡಿದ್ದ ಪೆಟ್ರೋಲನ್ನು ಮತ್ತೆ ಎತ್ತಿತು. ಬಚ್ಚಲಲ್ಲಿ ಬಿಸಿನೀರು ಬಿಟ್ಟರೆ ಕಣ್ಣು ಉರಿಯುತ್ತಿತ್ತು. ಸಂಪಿನ ಮುಚ್ಚಳ ತೆಗೆದರೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುವಾದ ಪೊರೆ ಕಾಣುತ್ತಿತ್ತು.

ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಶೇಕಡಾ 1ರಷ್ಟು ಬೆಂಜೀನ್ ಇರುವ ಒಂದೇ ಲೀಟರ್ ಪೆಟ್ರೋಲ್ 8 ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಮನೆಯ ಆರ್.ಒ. ಯಂತ್ರವನ್ನು ಇದಕ್ಕೆ ನೆಚ್ಚಬಾರದು. ಕುದಿಸಿದರೆ ವಿಷ ಆವಿಯಾಗಿ ಅಡುಗೆಮನೆಯನ್ನೇ ತುಂಬುತ್ತದೆ.

ದೂರು ಕೊಟ್ಟು, ತಿಂಗಳುಗಟ್ಟಲೆ ಅಲೆದ ಮೇಲೆ ಟ್ಯಾಂಕನ್ನು ಅಗೆದು ತೆಗೆದರು. ತುಕ್ಕು ಹಿಡಿದ ತಳದಲ್ಲಿ ಕಿರುಬೆರಳು ತೂರುವಷ್ಟು ತೂತಿತ್ತು. ದಾಸ್ತಾನು ಅಳೆಯುವ ಕೋಲು ಎಷ್ಟೋ ವರ್ಷ ದಿನವೂ ಇಳಿದು ಕುಟ್ಟುತ್ತಿದ್ದ ಜಾಗ ಅದು. ಸುತ್ತಲಿನ ಮಣ್ಣು ಬೂದುಗಪ್ಪಾಗಿ ನಾರುತ್ತಿತ್ತು. ಅದನ್ನು ರಸ್ತೆ ಬದಿಗೆ ರಾಶಿ ಹಾಕಿದ್ದರು; ಮಳೆ ಬಂದರೆ ಮತ್ತೆ ನೆಲಕ್ಕೇ ಇಳಿಯುತ್ತದೆಂದು ಹಟ ಹಿಡಿದ ಮೇಲೆಯೇ ಸಾಗಿಸಿದರು.

ಟ್ಯಾಂಕು ತೆಗೆದ ಮಾತ್ರಕ್ಕೆ ನೆಲ ಶುದ್ಧವಾಗುವುದಿಲ್ಲ. ತೇಲುವ ಎಣ್ಣೆಯನ್ನು ಮೇಲಿಂದ ತೆಗೆಯುವುದು, ಮಣ್ಣಿನೊಳಗಿನ ಆವಿಯನ್ನು ಕೊಳವೆಗಳಿಂದ ಹೀರುವುದು, ನೀರನ್ನು ಎತ್ತಿ ಶುದ್ಧೀಕರಿಸುವುದು, ಅಂತರ್ಜಲಕ್ಕೆ ಗಾಳಿ ಊದಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದು, ಹೀಗೆ ದಾರಿಗಳುಂಟು. ಆದರೆ ಬಿರುಕುಬಂಡೆಯಲ್ಲಿ ಇವೆಲ್ಲ ವರ್ಷಗಟ್ಟಲೆ ಹಿಡಿಯುವ, ಒಂದು ಮನೆಯವರ ಕೈಗೆಟುಕದ ಕೆಲಸ.

ಆದ್ದರಿಂದ ಅಂಥ ಜಾಗದಲ್ಲಿ ಅಡ್ವಾನ್ಸ್ ಕೊಡುವ ಮುನ್ನವೇ ಅಕ್ಕಪಕ್ಕದ ಬೋರ್‌ವೆಲ್ಲಿನ ನೀರನ್ನು ಗಾಜಿನ ಬಾಟಲಿಗೆ ಗಾಳಿ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು, ಬೆಂಜೀನ್ ಮತ್ತು ಟೊಲ್ವೀನ್ (ಪೆಟ್ರೋಲಿನಲ್ಲಿರುವ ಅಂಥದ್ದೇ ಇನ್ನೊಂದು ಅಂಶ) ಪರೀಕ್ಷೆ ಎಂದು ಹೆಸರಿಟ್ಟು ಕೇಳಿ ಮಾಡಿಸಿರಿ. ಟ್ಯಾಂಕು ತೆಗೆದಿದ್ದಾರೆಯೇ ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. ಈಗಾಗಲೇ ಕೊರೆಸಿದ್ದು ವಾಸನೆ ಬಂದರೆ ಮೋಟಾರನ್ನು ಆ ಕ್ಷಣವೇ ನಿಲ್ಲಿಸಿರಿ. ನಮ್ಮ ಹಿಂದಿನ ಮನೆಯ ಅಜ್ಜಿಯ ಬೋರ್‌ವೆಲ್ಲಿನಲ್ಲಿ ಮೊದಲು ಯಾವ ವಾಸನೆಯೂ ಇರಲಿಲ್ಲ. ನಾವು ಮೂರು ದಿನ ನೀರೆತ್ತಿದ ಮುಂದಿನ ವರ್ಷ ಅದರಲ್ಲೂ ಪೆಟ್ರೋಲ್ ನಾರಿತು, ಅವರು ಈಗ ಬೀದಿ ನಲ್ಲಿಯಿಂದ ಕೊಡ ಹೊರುತ್ತಿದ್ದಾರೆ.