ಪ್ರೋಟಾನ್ ಬಂದರೆ ಮೇಲ್ ಬರುತ್ತದೆ: ಐದಕ್ಕೆ ನಾಲ್ಕು ಸ್ಟಾರ್

ಸೂರ್ಯನ ಆಟಗಳ ಬಗ್ಗೆ ಎಚ್ಚರಿಸುವ ಒಂದು ಮೇಲ್ ಸೇವೆಯ ವಿಮರ್ಶೆ ಇದು. ನಾನು ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವ ಹುಚ್ಚಿನವನು. ತೀರ್ಥಹಳ್ಳಿಯ ನಮ್ಮ ಮನೆ ತಾರಸಿಯ ಮೇಲೆ ಹತ್ತು ಮೀಟರ್ ಉದ್ದದ ಡೈಪೋಲ್ ಆಂಟೆನಾ ತಂತಿ ಇದೆ. ನನ್ನ ಹೆಂಡತಿಯ ಲೆಕ್ಕದಲ್ಲಿ ಅದು ಬಟ್ಟೆ ಹರವಲು ಬಾರದ ಹಗ್ಗ.

2025ರ ನವೆಂಬರ್ 11, ಮಂಗಳವಾರ. ಮಧ್ಯಾಹ್ನ ಮೂರೂವರೆಗೆ 20 ಮೀಟರ್ ಬ್ಯಾಂಡಿನಲ್ಲಿ (ಹ್ಯಾಮ್‌ಗಳು ಮಾತಾಡುವ ಒಂದು ತರಂಗಪಟ್ಟಿ) ಒಳ್ಳೆ ಸಂತೆ. ಇದ್ದಕ್ಕಿದ್ದಂತೆ ಎಲ್ಲ ದನಿಗಳೂ ಅಡಗಿದವು. ಕೇಬಲ್ ಕಿತ್ತುಹೋಯಿತೇನೋ ಅಂತ ತಾರಸಿಗೆ ಓಡಿದೆ. ಕೇಬಲ್ ನೆಟ್ಟಗೇ ಇತ್ತು. ಕೆಳಗೆ ಬಂದು ಮೇಲ್ ತೆಗೆದರೆ ಕಾರಣ ಅಲ್ಲಿತ್ತು. 3.34ಕ್ಕೆ ಎಕ್ಸ್5.1 ಸೌರಜ್ವಾಲೆ, ಅಂದರೆ ಸೂರ್ಯನ ಮೇಲೆ ಅತಿ ಜೋರಿನ ವರ್ಗದ ಸ್ಫೋಟ.

ಈ ಮೇಲ್ ಕಳಿಸುವುದು ಅಮೆರಿಕದ ಸಾಗರ-ವಾತಾವರಣ ಸಂಸ್ಥೆ ನೋವಾದ ಬಾಹ್ಯಾಕಾಶ ಹವಾಮಾನ ಕೇಂದ್ರ. ಕೊಲರಾಡೋದ ಬೌಲ್ಡರ್‌ನಲ್ಲಿದೆ. ಸೇವೆ ಪುಕ್ಕಟೆ. ಮೇಲ್ ವಿಳಾಸ ಕೊಟ್ಟು, ಯಾವ ಎಚ್ಚರಿಕೆ ಬೇಕೋ ಅದಕ್ಕೆ ಟಿಕ್ ಹಾಕಿದರೆ ಆಯಿತು. ಇದಕ್ಕೂ ಮುಂಚೆ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ, ಹೆಸರು ಬೇಡ. ವಾರಕ್ಕೆ ಮೂರು ಸಲ ಭೂಮಿಯ ಇಂಟರ್ನೆಟ್ ಸುಟ್ಟುಹೋಗುತ್ತದೆ ಅಂತ ಬೊಬ್ಬೆ ಹಾಕುತ್ತಿತ್ತು. ಕಿತ್ತುಹಾಕಿದೆ.

ಇಲ್ಲಿ ಬೊಬ್ಬೆ ಇಲ್ಲ. ಆರ್, ಎಸ್, ಜಿ ಅಂತ ಮೂರು ಅಳತೆ, ಪ್ರತಿಯೊಂದಕ್ಕೂ 1ರಿಂದ 5ರ ತನಕ ಅಂಕಿ. ಆರ್ ಅಂದರೆ ರೇಡಿಯೋ ಮೌನ, ಎಸ್ ಅಂದರೆ ವಿಕಿರಣ ಬಿರುಗಾಳಿ, ಜಿ ಅಂದರೆ ಭೂಮಿಯ ಕಾಂತಕ್ಷೇತ್ರದ ಅಲುಗಾಟ. ಹ್ಯಾಮ್‌ಗಳು ಆರ್ ನೋಡುತ್ತಾರೆ. ಅರೋರಾ, ಅಂದರೆ ಧ್ರುವದ ಕಡೆ ಬಾನಿನಲ್ಲಿ ಕುಣಿಯುವ ಬಣ್ಣದ ಫೋಟೋ ಹಿಡಿಯುವವರಿಗೆ ಜಿ ಬೇಕು. ಎಸ್ ಅನ್ನು ನಮ್ಮಂಥ ಹವ್ಯಾಸಿಗಳು ಯಾರೂ ಮೂಸುವುದಿಲ್ಲ. ನನಗೆ ಮಾತ್ರ ಅದೇ ಇಷ್ಟ.

ಯಾಕೆ ಅಂದರೆ, ಮೇಲ್‌ಗಳು ಬಂದ ಸಮಯವನ್ನು ಲಾಗ್ ಬುಕ್ಕಿನಲ್ಲಿ ಬರೆದಿಡುತ್ತಾ ಹೋದರೆ ಸೂರ್ಯ ಕಂತಿನಲ್ಲಿ ಹೊಡೆಯುತ್ತಾನೆ ಅಂತ ಗೊತ್ತಾಗುತ್ತದೆ. ಮೊದಲ ಕಂತು ಬೆಳಕು ಮತ್ತು ಎಕ್ಸ್-ಕಿರಣ, ಎಂಟು ನಿಮಿಷ ಚಿಲ್ಲರೆ. ನನ್ನ ಬ್ಯಾಂಡ್ ಮುಚ್ಚಿದ್ದು ಅದೇ. ಎರಡನೆಯದು ಪ್ರೋಟಾನ್‌ಗಳು, ವಿದ್ಯುದಾವೇಶವಿರುವ ಪುಟ್ಟ ಕಣಗಳು; ಎಸ್ ಅಳೆಯುವುದು ಇವನ್ನೇ. ಮೂರನೆಯದು ಸೂರ್ಯ ಉಗುಳಿದ ಪ್ಲಾಸ್ಮಾ (ಕಾದ, ವಿದ್ಯುದಾವೇಶದ ಅನಿಲ) ಮೋಡ, ಅದಕ್ಕೆ ಒಂದರಿಂದ ಮೂರು ದಿನ ಬೇಕು.

ನಡುವಿನ ಕಂತೇ ಸ್ವಾರಸ್ಯ. ಮೋಡ ಇನ್ನೂ ಸೂರ್ಯನ ಹತ್ತಿರವೇ ಇರುತ್ತದೆ, ಪ್ರೋಟಾನ್ ಆಗಲೇ ನಮ್ಮ ಮನೆ ಬಾಗಿಲಲ್ಲಿ! ಹೇಗೆ? ಸೆಕೆಂಡಿಗೆ ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ವೇಗದಲ್ಲಿ ನುಗ್ಗುವ ಮೋಡದ ಮುಂದೆ ಒಂದು ಆಘಾತದ ಅಲೆ ಏಳುತ್ತದೆ. ಎದುರು ಬರುವ ಲಾರಿಗೆ ರಬ್ಬರ್ ಚೆಂಡು ಹೊಡೆದರೆ, ಹೊಡೆದದ್ದಕ್ಕಿಂತ ಜೋರಾಗಿ ವಾಪಸ್ ಬರುತ್ತದೆ ಅಲ್ವಾ? ಮುಂದೆ ನಿಂತ ಹುಡುಗ ಅದನ್ನು ಮತ್ತೆ ಲಾರಿಗೇ ಬಾರಿಸಿದರೆ? ಮತ್ತೆ ಮತ್ತೆ ಬಾರಿಸಿದರೆ? ಅಲ್ಲಿ ಲಾರಿ ಅಂದರೆ ಆಘಾತದ ಅಲೆ, ಹುಡುಗ ಅಂದರೆ ಅದರ ಮುಂದಿರುವ ಕಾಂತಕ್ಷೇತ್ರದ ಸಿಕ್ಕು. ಪ್ರತಿ ಸುತ್ತಿಗೂ ಪ್ರೋಟಾನಿನ ಶಕ್ತಿ ಅಷ್ಟಷ್ಟೇ ಏರುತ್ತದೆ. ಕೊನೆಗೆ ಕೆಲವು ಬೆಳಕಿನ ವೇಗದ ಹತ್ತಿರಕ್ಕೇ ಹೋಗುತ್ತವೆ. ನವೆಂಬರ್ 11ರಂದು ಅಂಥವು ವಾತಾವರಣಕ್ಕೆ ಬಡಿದು ಚಿಮ್ಮಿಸಿದ ನ್ಯೂಟ್ರಾನ್ ಕಣಗಳನ್ನು ನೆಲದ ಮೇಲಿನ ಮಾಪಕಗಳೂ ಹಿಡಿದವು. ಇದು ವರ್ಷಕ್ಕೊಮ್ಮೆಯೂ ಗ್ಯಾರಂಟಿ ಇಲ್ಲದ ಸಂಗತಿ.

ಎಲ್ಲ ಸ್ಫೋಟಕ್ಕೂ ಎಸ್ ಮೇಲ್ ಬರುವುದಿಲ್ಲ. ದೀಪಾವಳಿಯ ನೆಲಚಕ್ರ ನೆನಪು ಮಾಡಿಕೊಳ್ಳಿ. ಕಿಡಿ ನೇರವಾಗಿಯೇ ಹಾರುತ್ತದೆ, ಚಕ್ರ ತಿರುಗುವುದರಿಂದ ಒಟ್ಟು ನೋಟ ಸುರುಳಿ. ಸೂರ್ಯನ ಕಾಂತರೇಖೆಗಳೂ ಹಾಗೇ ಬಾಗಿವೆ, ಪ್ರೋಟಾನ್‌ಗಳು ಆ ರೇಖೆ ಹಿಡಿದೇ ಬರುತ್ತವೆ. ಹಾಗಾಗಿ ಸೂರ್ಯನ ಪಶ್ಚಿಮ ಭಾಗದಲ್ಲಿ ಸ್ಫೋಟವಾದರೆ ನಮಗೆ ಬೇಗ ತಲುಪುತ್ತವೆ. ಪೂರ್ವದಂಚಿನಲ್ಲಾದರೆ ಎಷ್ಟೋ ಸಲ ತಡ, ಇಲ್ಲವೇ ಬರುವುದೇ ಇಲ್ಲ.

ಈ ಕೇಂದ್ರದ ಜಾಲತಾಣದಲ್ಲಿ ಕರೋನಾಗ್ರಾಫ್ (ಸೂರ್ಯನ ಬಿಂಬ ಮರೆಮಾಡಿ ಸುತ್ತಲಿನದನ್ನು ಹಿಡಿಯುವ ಕ್ಯಾಮೆರಾ) ಚಿತ್ರಗಳೂ ಇವೆ. ಪ್ರೋಟಾನ್ ಬಂದಾಗ ನೋಡಿ. ಚಿತ್ರದ ತುಂಬಾ ಬಿಳಿ ಚುಕ್ಕೆ, ಅಕ್ಕಿ ಚೆಲ್ಲಿದ ಹಾಗೆ. ಕ್ಯಾಮೆರಾ ಕೆಟ್ಟಿಲ್ಲ, ಅದರ ಸೆನ್ಸರ್‌ಗೇ ಕಣಗಳು ಬಡಿಯುತ್ತಿವೆ.

ಇನ್ನು ಸ್ಟಾರ್ ಯಾಕೆ ಕಳೆದೆ? ಸಮಯವೆಲ್ಲ ಯುಟಿಸಿ ಅನ್ನುವ ಜಾಗತಿಕ ಗಡಿಯಾರದಲ್ಲಿ, ಐದೂವರೆ ಗಂಟೆ ನಾವೇ ಕೂಡಿಸಬೇಕು. ವಿಷಯದ ಸಾಲು ಹಳೇ ಕಾಲದ ಟೆಲಿಗ್ರಾಂ ಇದ್ದ ಹಾಗೆ: 10 ಎಂಇವಿ ಪ್ರೋಟಾನ್ 10 ಪಿಎಫ್‌ಯು ದಾಟಿದೆ (ಎಂಇವಿ ಕಣದ ಶಕ್ತಿಯ ಅಳತೆ, ಪಿಎಫ್‌ಯು ಕಣಗಳ ಹರಿವಿನದು). ಅದೇ ಎಸ್1ರ ಗೆರೆ. ಎಸ್2 ಅಂದರೆ 100, ಎಸ್3 ಅಂದರೆ 1000, ಹೀಗೆ ಹತ್ತು ಪಟ್ಟು. ಇದನ್ನು ಮೊದಲೇ ಓದಿಕೊಂಡಿರದಿದ್ದರೆ ತಲೆಬುಡ ತಿಳಿಯುವುದಿಲ್ಲ. ಮೂರು ಕಂತುಗಳೂ ಯಾವ ಸ್ಫೋಟದವು ಅಂತ ಹೊಂದಿಸುವ ಕೆಲಸವೂ ನಮ್ಮದೇ. ಆ ನವೆಂಬರಿನಲ್ಲಿ 9 ಮತ್ತು 10ನೇ ತಾರೀಖಿನ ಮೋಡಗಳು ಬಂದು ಜಿ4 ಆಗಿತ್ತು. ನಾನು ಸುಮ್ನೆ 11ರ ಸ್ಫೋಟದ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ. ಆಮೇಲೆ ಹೊಡೆದುಹಾಕಿದೆ.

ಸೂರ್ಯನನ್ನು ನೋಡುವ ನಮ್ಮದೇ ನೌಕೆ ಆದಿತ್ಯ-ಎಲ್1 ಕೂಡ ಈ ಕಣಗಳನ್ನು ಅಳೆಯುತ್ತದೆ. ಅದರ ದತ್ತಾಂಶ ಇಸ್ರೋದ ಪ್ರದಾನ್ ತಾಣದಲ್ಲಿ ಸಿಗುತ್ತದೆ, ಆದರೆ ಅದು ಸಂಶೋಧಕರಿಗೆ ಹೊಂದುವ ಕಡತ.

ಎಸ್ ಮೇಲ್ ನಮಗೆ ಉಪಯೋಗವೇನು ಅಂತ ಕೇಳಬೇಡಿ. ಧ್ರುವದ ಮೇಲೆ ಹಾರುವ ವಿಮಾನಗಳಿಗೆ, ಗಗನಯಾತ್ರಿಗಳಿಗೆ ಅದು ನಿಜಕ್ಕೂ ಬೇಕು. ಕಾಂತೀಯ ಸಮಭಾಜಕದ ಪಕ್ಕದಲ್ಲಿರುವ ನಮ್ಮನ್ನು ಭೂಮಿಯ ಕಾಂತಕ್ಷೇತ್ರವೇ ಕಾಯುತ್ತದೆ. ಆದರೂ ಟಿಕ್ ಹಾಕಿ. ರಾತ್ರಿ ಫೋನ್ ಸೈಲೆಂಟ್‌ನಲ್ಲಿಡಿ, ಬೌಲ್ಡರಿನವರಿಗೆ ಆಗ ಹಗಲು.