ವಿಜಯಪುರದ ಮೂರು ಚಳಿಗಾಲ, ಒಂದೇ ಲೋಷನ್: ಸೆಟಾಫಿಲ್ ಮಾಯಿಶ್ಚರೈಸಿಂಗ್ ಲೋಷನ್ ಬಗ್ಗೆ ನನ್ನ ಅನುಭವ

ಮೊಣಕಾಲಿನ ಕೆಳಗೆ ಉಗುರಿನಿಂದ ಮೆಲ್ಲಗೆ ಗೆರೆ ಎಳೆದರೆ ಸಾಕು, ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ ಬೆಳ್ಳಗೆ ಮೂಡುತ್ತಿತ್ತು. 2022ರ ಡಿಸೆಂಬರಿನ ಮಾತು ಇದು. ಬ್ಯಾಂಕಿನ ಕೆಲಸದಲ್ಲಿ ಪುತ್ತೂರಿನಿಂದ ವಿಜಯಪುರಕ್ಕೆ ವರ್ಗವಾಗಿ ಆರು ತಿಂಗಳಾಗಿತ್ತು. ನನ್ನದು ಒಣ ಚರ್ಮ ಅಂತ ಮೊದಲೇ ಗೊತ್ತಿತ್ತು. ಆದರೆ ಊರಲ್ಲಿದ್ದಾಗ ಅದೊಂದು ತೊಂದರೆ ಅಂತ ಯಾವತ್ತೂ ಅನಿಸಿರಲಿಲ್ಲ. ಕರಾವಳಿಯ ಗಾಳಿಯಲ್ಲೇ ನೀರಿರುತ್ತದೆ. ಇಲ್ಲಿ ದೀಪಾವಳಿ ಕಳೆದರೆ ಮುಗಿಯಿತು, ಒಗೆದು ಹಾಕಿದ ಬಟ್ಟೆ ಒಂದು ತಾಸಿನಲ್ಲಿ ಒಣಗಿ ಬಿರುಸಾಗುತ್ತದೆ. ಮೈಯೂ ಹಾಗೇ ಆಗುತ್ತದೆ.

ಅದರ ಜೊತೆಗೆ ಬೋರ್‌ವೆಲ್ ನೀರು. ಇಲ್ಲಿಯವರು ಸವಳು ನೀರು ಅನ್ನುತ್ತಾರೆ. ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟುತ್ತದೆ, ಬಕೆಟ್ಟಿನ ಒಳಗೂ ಅದೇ ಬಿಳಿ. ಸೋಪು ಸರಿಯಾಗಿ ನೊರೆ ಬರುವುದಿಲ್ಲ. ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಜಿಗುಟಾಗಿ ಮೈಮೇಲೆ ಉಳಿಯುತ್ತದೆ. ಎಷ್ಟು ನೀರು ಹೊಯ್ದುಕೊಂಡರೂ ತೊಳೆದ ಹಾಗೆ ಅನಿಸುವುದಿಲ್ಲ. ಆಮೇಲೆ ಚರ್ಮ ಬಿಗಿದುಕೊಳ್ಳುತ್ತದೆ, ನವೆ ಶುರುವಾಗುತ್ತದೆ.

ನನಗೆ ನಿಜವಾಗಿ ಗಾಬರಿಯಾದದ್ದು ಆಫೀಸಿನಲ್ಲಿ. ಬೆಳಿಗ್ಗೆ ಲಾಗಿನ್ ಆಗಲು ಬೆರಳಿಟ್ಟರೆ ಬಯೋಮೆಟ್ರಿಕ್ ಯಂತ್ರ ಗುರುತೇ ಹಿಡಿಯುತ್ತಿರಲಿಲ್ಲ. ಹೆಬ್ಬೆರಳಿನ ತುದಿ ಅಷ್ಟು ಒಣಗಿ ಸಣ್ಣಗೆ ಸೀಳಿತ್ತು. ಬಾಯಿಯ ಹಬೆ ಊದಿ, ಸೆರಗಿಗೆ ಒರೆಸಿ, ಮತ್ತೆ ಇಟ್ಟು, ಮತ್ತೆ ಇಟ್ಟು. ಹಿಂದೆ ಗ್ರಾಹಕರ ಸಾಲು ನಿಂತಿರುತ್ತಿತ್ತು.

ಮನೆ ಮಾಲೀಕರ ತಾಯಿ ನನ್ನ ಕೈ ನೋಡಿ, "ಮೇಡಂ, ಇಲ್ಲಿ ಹವಾನ ಹಂಗ ಐತ್ರಿ. ರಾತ್ರಿ ಕೊಬ್ಬರಿ ಎಣ್ಣಿ ಹಚ್ಕೊಂಡ ಮಲಗ್ರಿ" ಅಂದರು. ಹಚ್ಚಿದೆ. ಅವರು ಹೇಳಿದ್ದು ತಪ್ಪಲ್ಲ, ಹಚ್ಚಿದ ರಾತ್ರಿ ನವೆ ಕಮ್ಮಿ ಇರುತ್ತಿತ್ತು. ಆದರೆ ಬೆಳಗಿನ ಚಳಿಗೆ ಎಣ್ಣೆ ಬಾಟಲಿಯೊಳಗೇ ಗಟ್ಟಿ ಕಟ್ಟುತ್ತಿತ್ತು, ಬಿಸಿನೀರಲ್ಲಿ ಇಟ್ಟು ಕರಗಿಸಬೇಕು. ಹಗಲು ಹಚ್ಚಿದರೆ ಸೀರೆಗೆ ಕಲೆ. ಕ್ಯಾಶ್ ಕೌಂಟರಿನಲ್ಲಿ ಎಣ್ಣೆ ಕೈಯಲ್ಲಿ ನೋಟು ಎಣಿಸಲು ಆಗುತ್ತದಾ? ದಿನಾ ಅಂತ ಶುರು ಮಾಡಿದ್ದು ವಾರಕ್ಕೆ ಎರಡು ಸಲ ಆಯಿತು, ಸಂಕ್ರಾಂತಿ ಹೊತ್ತಿಗೆ ಪೂರ್ತಿ ನಿಂತಿತು.

ನಡುವೆ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ 'ಒಣ ಚರ್ಮಕ್ಕೆ' ಅಂತ ಬರೆದಿದ್ದ ಒಂದು ಲೋಷನ್ ತಂದೆ. ಹೆಸರು ಬೇಡ. ಮುಚ್ಚಳ ತೆಗೆದರೆ ಕೋಣೆ ತುಂಬಾ ಹೂವಿನ ವಾಸನೆ. ಮೂರನೇ ದಿನಕ್ಕೆ ಮೊಣಕೈಯ ಒಳಮಡಿಕೆ ಕೆಂಪಾಯಿತು. ಐದನೇ ದಿನ ರಾತ್ರಿ ನಿದ್ದೆಯಲ್ಲೇ ಕೆರೆದುಕೊಂಡು ಗಾಯ ಮಾಡಿಕೊಂಡಿದ್ದೆ.

ಆಗ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಮೊಣಕೈಗಿಂತ ಮೊದಲು ಬಾಟಲಿ ನೋಡಿದರು. ಹಿಂದುಗಡೆ ಸಣ್ಣ ಅಕ್ಷರದ ಪಟ್ಟಿಯಲ್ಲಿ 'ಪರ್‌ಫ್ಯೂಮ್' ಅನ್ನುವ ಒಂದು ಪದದ ಮೇಲೆ ಬೆರಳಿಟ್ಟು, "ಇದು ಒಂದೇ ಪದ, ಆದರೆ ಇದರೊಳಗೆ ಹತ್ತಾರು ವಸ್ತು ಇರಬಹುದು" ಅಂದರು. ಕ್ರೀಮು, ಲೋಷನ್‌ಗಳಿಂದ ಬರುವ ಅಲರ್ಜಿಗೆ ಪರಿಮಳದ ವಸ್ತುಗಳೇ ದೊಡ್ಡ ಕಾರಣಗಳಲ್ಲಿ ಒಂದಂತೆ. ಆಮೇಲೆ ಅಂಗೈ ತೋರಿಸಿ ಅಂದರು. ನನ್ನ ಅಂಗೈಯಲ್ಲಿ ಗೆರೆಗಳು ಜಾಸ್ತಿ, ಒಂದರ ಪಕ್ಕ ಒಂದು ಒತ್ತೊತ್ತಾಗಿ. "ಅಮ್ಮನಿಗೂ ಹೀಗೇ ಇದೆಯಾ?" ಇದೆ. ಅಮ್ಮನ ಕಾಲು ಮಳೆಗಾಲದಲ್ಲೂ ಹೊಟ್ಟು ಏಳುತ್ತದೆ.

ನಮ್ಮ ಚರ್ಮದ ಹೊರ ಪದರ ಗಟ್ಟಿಯಾಗಿ ಹೆಣೆದುಕೊಳ್ಳಲು ಫಿಲಾಗ್ರಿನ್ ಅನ್ನುವ ಒಂದು ಪ್ರೋಟೀನ್ ಬೇಕು. ಅದರ ಜೀನ್‌ನಲ್ಲಿ ದೋಷ ಇದ್ದರೆ ಚರ್ಮ ಒಣಗುತ್ತದೆ, ಎಕ್ಸಿಮಾ (ಚರ್ಮ ಕೆಂಪಾಗಿ ನವೆಯಾಗುವ ಕಾಯಿಲೆ) ಬರುವ ಸಾಧ್ಯತೆ ಜಾಸ್ತಿ, ಅಂಗೈ ಗೆರೆಗಳೂ ಎದ್ದು ಕಾಣುತ್ತವೆ ಅಂತ 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ ತೋರಿಸಿತು. ನಾನು ಜೀನ್ ಪರೀಕ್ಷೆ ಏನೂ ಮಾಡಿಸಿಲ್ಲ, ಅದರ ಅಗತ್ಯವೂ ಇಲ್ಲ ಅಂತ ಡಾಕ್ಟರು ಅಂದರು. ಆದರೆ ಒಂದು ವಿಷಯ ಮನಸ್ಸಿಗೆ ಹತ್ತಿತು. ಇದು ನನ್ನ ಅಲಕ್ಷ್ಯದಿಂದ ಬಂದದ್ದಲ್ಲ, ನೀರು ಕಮ್ಮಿ ಕುಡಿದದ್ದರಿಂದ ಬಂದದ್ದೂ ಅಲ್ಲ. ಚರ್ಮದ ಗೋಡೆಯೇ ಸ್ವಲ್ಪ ಸಡಿಲ. ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನದ್ದು ಒಳಗೆ ಹೋಗಿ ಕೆರಳಿಸುತ್ತದೆ. ಒಣ ಚರ್ಮ ಮತ್ತು ಸೂಕ್ಷ್ಮ ಚರ್ಮ ಒಟ್ಟೊಟ್ಟಿಗೆ ಬರುವುದು ಇದಕ್ಕೇ.

ಚೀಟಿಯಲ್ಲಿ ಬರೆದದ್ದು ಸೆಟಾಫಿಲ್ ಮಾಯಿಶ್ಚರೈಸಿಂಗ್ ಲೋಷನ್. 2023ರ ಜನವರಿಯಿಂದ ಇವತ್ತಿನ ತನಕ ಅದನ್ನೇ ಬಳಸುತ್ತಿದ್ದೇನೆ. ಈ ಹೆಸರು ಹಳೆಯದು. 1947ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ಫಾರ್ಮಸಿಸ್ಟ್ ಮಾಡಿದ ಕ್ಲೆನ್ಸರ್‌ನಿಂದ ಶುರುವಾದದ್ದು. ಬಹಳ ಜನ ಮುಖಕ್ಕೆ ಮಾತ್ರ ಅಂದುಕೊಂಡಿದ್ದಾರೆ. ನಾನು ಮೈಗೆ ಹಚ್ಚುವುದರ ಬಗ್ಗೆ ಬರೆಯುತ್ತಿದ್ದೇನೆ.

ಕೈಗೆ ಹಾಕಿಕೊಂಡರೆ ತೆಳು ಮಜ್ಜಿಗೆಗಿಂತ ದಪ್ಪ, ಮೊಸರಿಗಿಂತ ತೆಳು. ಅಂಗೈ ಓರೆ ಮಾಡಿದರೆ ನಿಧಾನಕ್ಕೆ ಜಾರುತ್ತದೆ. ಪರಿಮಳ ಸೇರಿಸಿಲ್ಲ, ವಾಸನೆ ಅಂತ ಹೇಳುವಂಥದ್ದೂ ಇಲ್ಲ. ಕಾಲಿಗೆ ಸವರಿದಾಗ ಒಂದು ಕ್ಷಣ ಬೆಳ್ಳಗೆ ಕಾಣುತ್ತದೆ, ಎರಡನೇ ಸಲ ಕೈ ಆಡಿಸುವಷ್ಟರಲ್ಲಿ ಮಾಯ. ಎರಡು ಮೂರು ನಿಮಿಷ ಬಿಟ್ಟು ಸೀರೆ ಉಡುತ್ತೇನೆ, ಬಟ್ಟೆಗೆ ಅಂಟುವುದಿಲ್ಲ. ಕೈಗೆ ಹಚ್ಚಿಕೊಂಡು ಹತ್ತು ನಿಮಿಷಕ್ಕೆ ನೋಟು ಎಣಿಸಿದ್ದೇನೆ. ಫೆಬ್ರವರಿ ಎರಡನೇ ವಾರದಲ್ಲಿ ಒಂದು ದಿನ ಬಯೋಮೆಟ್ರಿಕ್ ಯಂತ್ರ ಮೊದಲ ಸಲಕ್ಕೇ ಹಸಿರು ದೀಪ ತೋರಿಸಿತು. ಆ ದಿನದ ಖುಷಿ ನನಗೆ ಇನ್ನೂ ನೆನಪಿದೆ.

ಹಗುರ ಲೋಷನ್ ಅಂದರೆ ಕೆಲಸ ಕಮ್ಮಿ ಮಾಡುತ್ತದೆ ಅಂತ ನಾನೂ ನಂಬಿದ್ದೆ. ಒಂದು ಅರ್ಥದಲ್ಲಿ ನಿಜ. ನೀರು ಜಾಸ್ತಿ ಇದ್ದರೆ ಲೋಷನ್, ಕಮ್ಮಿ ಇದ್ದರೆ ಕ್ರೀಮ್, ಇಲ್ಲವೇ ಇಲ್ಲ ಅನ್ನುವಷ್ಟಾದರೆ ಮುಲಾಮು. ಒಂದೊಂದು ಸಲದ ಲೆಕ್ಕದಲ್ಲಿ ಮುಲಾಮೇ ಮೇಲು. ಆದರೆ ಚರ್ಮಕ್ಕೆ ಬೇಕಾದದ್ದು ದಿನಾ ಬಿಡದೆ ಹಚ್ಚುವುದು. ಬೆಳಿಗ್ಗೆ ಎಂಟೂವರೆಗೆ ಮನೆ ಬಿಡುವವಳು ಜಿಡ್ಡಾದದ್ದನ್ನು ದಿನಾ ಹಚ್ಚುವುದಿಲ್ಲ. ನಾನು ಎಣ್ಣೆ ಬಿಟ್ಟದ್ದೂ ಅದಕ್ಕೇ. ಕೈಗೆತ್ತಿಕೊಳ್ಳಲು ಬೇಜಾರಾಗದಷ್ಟು ಹಗುರ ಇದ್ದದ್ದರಿಂದಲೇ ಇದನ್ನು ಒಂದು ದಿನವೂ ಬಿಡದೆ ಹಚ್ಚಿದೆ.

ಇನ್ನು ಬಾಟಲಿಯ ಹಿಂದಿನ ಪಟ್ಟಿ. ಜಾಸ್ತಿ ಇರುವ ವಸ್ತು ಮೊದಲು, ಕಮ್ಮಿ ಇರುವುದು ಆಮೇಲೆ, ಹೀಗೆ ಬರೆದಿರುತ್ತಾರೆ. ಇದರಲ್ಲಿ ನೀರಿನ ಹಿಂದೆಯೇ ಗ್ಲಿಸರಿನ್ ಇದೆ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ. ಹಿಡಿದ ನೀರು ಆರಿ ಹೋಗದಂತೆ ಡೈಮೆಥಿಕೋನ್ ಮೇಲೊಂದು ತೆಳು ಪದರ ಕಟ್ಟುತ್ತದೆ. ಜೊತೆಗೆ ಬಿ3, ಬಿ5 ವಿಟಮಿನ್‌ಗಳ ರೂಪಗಳಾದ ನಯಾಸಿನಮೈಡ್ ಮತ್ತು ಪ್ಯಾಂಥೆನಾಲ್. 'ಸೀಟಿಯರಿಲ್ ಆಲ್ಕೋಹಾಲ್' ಅಂತ ನೋಡಿ ನಮ್ಮ ಸಹೋದ್ಯೋಗಿ ಒಬ್ಬರು ಬಾಟಲಿ ವಾಪಸ್ ಇಟ್ಟರು. ಹೆದರಬೇಡಿ. ಅದು ಸ್ಯಾನಿಟೈಸರಿನ ಆಲ್ಕೋಹಾಲ್ ಅಲ್ಲ. ಮೇಣದ ಹಾಗೆ ಇರುವ ಕೊಬ್ಬಿನ ವಸ್ತು, ಚರ್ಮವನ್ನು ಮೆತ್ತಗೆ ಮಾಡುತ್ತದೆ.

ಹಾಗೇ 'ಅನ್‌ಸೆಂಟೆಡ್' ಅನ್ನುವ ಪದಕ್ಕೂ 'ಫ್ರೇಗ್ರೆನ್ಸ್ ಫ್ರೀ' ಅನ್ನುವ ಪದಕ್ಕೂ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಬೇರೆ ವಾಸನೆ ಮುಚ್ಚಲು ಪರಿಮಳದ ವಸ್ತು ಹಾಕಿರಬಹುದು. ಮೂಗಿಗೆ ಗೊತ್ತಾಗುವುದಿಲ್ಲ, ಚರ್ಮಕ್ಕೆ ಗೊತ್ತಾಗುತ್ತದೆ. ನಮ್ಮಂಥವರು ಎರಡನೆಯದನ್ನೇ ಹುಡುಕಬೇಕು.

ಎಷ್ಟು ಹಚ್ಚಬೇಕು ಅನ್ನುವುದರಲ್ಲೇ ಬಹಳ ಜನ ಎಡವುವುದು. ನಾನೂ ಮೊದಲು ಒಂದು ರೂಪಾಯಿ ನಾಣ್ಯದಷ್ಟು ಹಾಕಿಕೊಂಡು ಎರಡೂ ಕಾಲಿಗೆ ಎಳೆಯುತ್ತಿದ್ದೆ. ಡಾಕ್ಟರುಗಳು ಬಳಸುವ ಒಂದು ಅಳತೆ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ತನಕ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ತೋಳಿಗೆ ಅಂಥ ಮೂರು, ಒಂದು ಕಾಲಿಗೆ ಆರು. ಎರಡು ತೋಳು ಎರಡು ಕಾಲು ಸೇರಿದರೆ ಹದಿನೆಂಟು, ಅಂದರೆ 9 ಗ್ರಾಂ. ಎರಡು ಟೀ ಚಮಚಕ್ಕೆ ಸ್ವಲ್ಪ ಕಮ್ಮಿ. ಅಡುಗೆಮನೆಯ ಚಮಚದಲ್ಲಿ ಒಂದು ಸಲ ಅಳೆದು ನೋಡಿ, ಇಷ್ಟೊಂದಾ ಅನಿಸುತ್ತದೆ. ಹೊಟ್ಟೆ ಬೆನ್ನು ಬಿಟ್ಟು ಬರೀ ಕೈಕಾಲಿಗೆ ದಿನಕ್ಕೆ ಒಂದೇ ಸಲ ಹಚ್ಚಿದರೂ 250 ಎಂಎಲ್ ಬಾಟಲಿ ನಾಲ್ಕು ವಾರಕ್ಕೆ ಖಾಲಿ. ಎರಡು ಹೊತ್ತು ಹಚ್ಚಿದರೆ ಎರಡೇ ವಾರ. ಖರ್ಚಿನ ಲೆಕ್ಕ ಹಾಕುವವರು ಹೀಗೆ ಹಾಕಬೇಕು. ದುಬಾರಿ ಲೋಷನ್ ತಂದು ಹನಿ ಹನಿ ಉಳಿಸುವುದಕ್ಕಿಂತ, ಗ್ಲಿಸರಿನ್ ಎರಡನೇ ಜಾಗದಲ್ಲಿರುವ, ಪರಿಮಳ ಇಲ್ಲದ ಯಾವುದಾದರೂ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಮೇಲು ಅಂತ ನಾನು ಖಂಡಿತ ಹೇಳುತ್ತೇನೆ. ನಾನು ಕೂಡ ಜನವರಿಯಲ್ಲಿ ಮಾತ್ರ ಎರಡು ಹೊತ್ತು, ಉಳಿದ ತಿಂಗಳು ಸ್ನಾನದ ಮೇಲೆ ಒಂದೇ ಸಲ.

ಸ್ನಾನದ ಮೇಲೆ ಅಂದರೆ ಸ್ನಾನ ಮುಗಿಸಿ, ತಲೆ ಒಣಗಿಸಿ, ಟೀ ಕುಡಿದ ಮೇಲೆ ಅಲ್ಲ. ಟವೆಲ್ಲಿನಿಂದ ಉಜ್ಜದೆ ಸುಮ್ನೆ ಒತ್ತಿ, ಮೈ ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದ ಒಳಗೆ. ನನ್ನ ಬಾಟಲಿ ಇರುವುದೇ ಬಚ್ಚಲುಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ. ಒಣ ಊರಲ್ಲಿ ಗಾಳಿಯಿಂದ ಗ್ಲಿಸರಿನ್‌ಗೆ ನೀರು ಸಿಗುವುದಿಲ್ಲ, ಮೈಮೇಲಿನ ನೀರನ್ನೇ ಅದಕ್ಕೆ ಕೊಡಬೇಕು. ಮೊದಲ ಬಾಟಲಿಯನ್ನು ಪೂರ್ತಿ ಒಣಗಿದ ಮೈಗೆ ಹಚ್ಚಿ ಮುಗಿಸಿದೆ, ಎರಡನೆಯದನ್ನು ಹಸಿ ಮೈಗೆ. ಸಂಜೆ ಐದು ಗಂಟೆಗೆ ಕಾಲು ಮುಟ್ಟಿ ನೋಡಿದರೆ ಗೊತ್ತಾಗುವಷ್ಟು ವ್ಯತ್ಯಾಸ ಇತ್ತು. ಕುದಿಯುವ ಬಿಸಿನೀರು ಬಿಟ್ಟೆ, ಉಗುರುಬೆಚ್ಚಗಿನ ನೀರಿಗೆ ಬಂದೆ. ಸೋಪು ಕಂಕುಳು, ಪಾದ, ಬೆವರುವ ಜಾಗಕ್ಕೆ ಮಾತ್ರ. ಇವೆಲ್ಲ ಲೋಷನ್‌ನ ಗುಣ ಅಲ್ಲ, ಆದರೆ ಇವಿಲ್ಲದೆ ಲೋಷನ್ ಒಂದೇ ಇಷ್ಟು ಮಾಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ಪುತ್ತೂರಿಗೆ ಹೋದಾಗ ಇದೇ ಬಾಟಲಿ ಒಯ್ದೆ. ಅಲ್ಲಿನ ಸೆಕೆಗೆ ಎರಡು ಚಮಚ ಹಚ್ಚಿದರೆ ಮೈ ಅಂಟಂಟು. ಅರ್ಧ ಚಮಚ ಕಾಲಿಗೆ ಮಾತ್ರ ಸಾಕಾಯಿತು. ಹಾಗಾಗಿ ಮಂಗಳೂರಿನವರ ಮೆಚ್ಚುಗೆ ನೋಡಿ ಕಲಬುರಗಿಯವರು, ಕಲಬುರಗಿಯವರ ಮೆಚ್ಚುಗೆ ನೋಡಿ ಮಂಗಳೂರಿನವರು ಲೋಷನ್ ತೆಗೆದುಕೊಂಡರೆ ಇಬ್ಬರಿಗೂ ಸರಿ ಹೋಗುವುದು ಕಷ್ಟ. ಊರಿನ ಹವೆ ಮೊದಲು ನೋಡಬೇಕು, ಅಲ್ವಾ?

ಹಿಮ್ಮಡಿಗೆ ಯಾವ ಹಗುರ ಲೋಷನ್ನೂ ಸಾಲದು, ಅದನ್ನು ಇದರಿಂದ ನಿರೀಕ್ಷಿಸಬೇಡಿ. ಅಲ್ಲಿನ ಚರ್ಮ ದಪ್ಪ. ನಾನು ರಾತ್ರಿ ಹಿಮ್ಮಡಿಗೆ, ದಪ್ಪ ಚರ್ಮವನ್ನು ಮೆತ್ತಗೆ ಮಾಡುವ ಯೂರಿಯಾ ಇರುವ ಕ್ರೀಮ್ ಹಚ್ಚಿ ಕಾಲುಚೀಲ ಹಾಕುತ್ತೇನೆ. ಯೂರಿಯಾ ಗೀರು ಗಾಯದ ಮೇಲೆ ಬಿದ್ದರೆ ಚುರುಚುರು ಉರಿಯುತ್ತದೆ, ಎಚ್ಚರ. ಜನವರಿಯ ಕೆಟ್ಟ ಎರಡು ವಾರ ಬೆರಳ ಗೆಣ್ಣುಗಳಿಗೆ ಲೋಷನ್ ಮೇಲೆ ತೆಳ್ಳಗೆ ವ್ಯಾಸಲಿನ್. ಚರ್ಮ ಕೆಂಪಾಗಿ ನೀರು ಸುರಿಯುತ್ತಿದ್ದರೆ ಲೋಷನ್ ಹುಡುಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಕೊಳ್ಳುವಾಗ ಒಂದು ಮಾತು. 2024ರಲ್ಲಿ ಒಂದು ಸಲ ರಿಯಾಯಿತಿ ನೋಡಿ ಆನ್‌ಲೈನಿನಲ್ಲಿ ಗೊತ್ತಿಲ್ಲದ ಮಾರಾಟಗಾರರಿಂದ ತರಿಸಿದೆ. ಬಂದ ಬಾಟಲಿಗೆ ಸೀಲ್ ಇಲ್ಲ, ಬ್ಯಾಚ್ ನಂಬರ್ ಇರಬೇಕಾದ ಜಾಗ ಕೆರೆದಿತ್ತು, ಒಳಗಿನದ್ದು ನೀರು ನೀರು. ಹಚ್ಚದೆ ಎಸೆದೆ. ಈಗ ಮನೆ ಹತ್ತಿರದ ಮೆಡಿಕಲ್ ಅಂಗಡಿಯಿಂದಲೇ ತರುತ್ತೇನೆ, ಅವಧಿ ಮುಗಿಯುವ ದಿನ ನೋಡಿ, ಬಿಲ್ ಕೇಳಿ.

ಯಾರು ಚೆನ್ನಾಗಿದೆ ಅಂದರೂ, ನಾನು ಅಂದರೂ, ಒಮ್ಮೆಲೇ ಮೈ ತುಂಬಾ ಹಚ್ಚಬೇಡಿ. ಮೊಣಕೈಯ ಒಳಭಾಗದಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ನನಗೆ ಆ ಹೂವಿನ ಲೋಷನ್ ತೊಂದರೆ ಕೊಟ್ಟದ್ದು ಮೂರನೇ ದಿನ. ಒಂದು ರಾತ್ರಿಯ ಪರೀಕ್ಷೆಯಲ್ಲಿ ಅದು ಪಾಸಾಗಿಬಿಡುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅಮ್ಮ ಹದಿನೈದು ದಿನ ಇಲ್ಲಿಗೆ ಬಂದಿದ್ದರು. ಲೋಷನ್ ಎಲ್ಲ ಪೇಟೆಯವರ ಶೋಕಿ ಅನ್ನುವವರು. ಮೊದಲ ರಾತ್ರಿ ಮಂಚದ ಮೇಲೆ ಕೂರಿಸಿ, ಅವರ ಕಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನಾನೇ ಹಚ್ಚಿದೆ. ಮೀನಿನ ಪೊರೆಯ ಹಾಗೆ ಎದ್ದಿದ್ದ ಚರ್ಮ ಕೈಗೆ ತರಿತರಿಯಾಗಿ ತಾಗುತ್ತಿತ್ತು. ಮೂರನೇ ದಿನ ಬೆಳಿಗ್ಗೆ ನಾನು ಏಳುವ ಮೊದಲೇ ಸ್ನಾನ ಮುಗಿಸಿ ಬಾಗಿಲ ಪಕ್ಕದ ಗೂಡಿನ ಹತ್ತಿರ ನಿಂತು, "ಎಷ್ಟು ಹಾಕ್ಬೇಕು, ಎರಡು ಚಮಚ ಅಲ್ವಾ?" ಅಂತ ಕೇಳಿದರು. ವಾಪಸ್ ಹೋಗುವಾಗ ಅವರ ಚೀಲದಲ್ಲಿ ಎರಡು ಬಾಟಲಿ ಇಟ್ಟೆ. ಈ ಸಲ ಫೋನಿನಲ್ಲಿ ಹೇಳಿದರು, ರಾತ್ರಿ ಕಾಲು ಕೆರೆದುಕೊಂಡು ಏಳುವುದು ನಿಂತಿದೆಯಂತೆ.